ಹಾಲಿನಲ್ಲಿ ಕಲಸಿದ ಹಿಟ್ಟು

ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ನಾನು ಬಾಡಿಗೆಗೆ ಹಿಡಿದ ಮನೆಯ ಒಡತಿ ಮೊದಲ ದಿನ ನನ್ನನ್ನು ಕೇಳಿದ್ದು ಮೂರೇ ಪ್ರಶ್ನೆ. ಊರು ಯಾವುದು, ಗಂಡ ಎಲ್ಲಿ, ನೀವು ಯಾರ ಪೈಕಿ. ಸಿರುಗುಪ್ಪ ತಾಲೂಕಿನ ಸಿರಿಗೇರಿ ಎಂದೆ. ಗಂಡನನ್ನು ಬಿಟ್ಟು ಒಂಬತ್ತು ವರ್ಷವಾಯಿತು ಎಂದೆ. ಮೂರನೆಯದಕ್ಕೆ "ಬೌದ್ಧರ್ರಿ" ಎಂದೆ.

"ಬೌದ್ಧರಂದ್ರ ಜೈನರಿದ್ದಂಗೇನಮ್ಮ? ಉಳ್ಳಾಗಡ್ಡಿ ತಿನ್ನಂಗಿಲ್ಲಲ್ಲ ನೀವು?"

ನಾನು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಸುಮ್ಮನೆ ನಕ್ಕೆ. ನಮ್ಮಪ್ಪನ ಕಾಲದಲ್ಲಿ ನಮ್ಮ ಕೇರಿಯ ಮನೆಗಳೆಲ್ಲ ಬುದ್ಧನ ಕಡೆ ಬಂದವು. ಅದಕ್ಕೂ ಮುಂಚೆ ನಾವು ಯಾರಾಗಿದ್ದೆವು, ಊರಿನವರು ನಮ್ಮನ್ನು ಯಾವ ಬಾವಿಯಿಂದ ಎಷ್ಟು ದೂರ ನಿಲ್ಲಿಸುತ್ತಿದ್ದರು ಎಂಬುದು ಸಿರಿಗೇರಿಯಲ್ಲಿ ಎಲ್ಲರಿಗೂ ಗೊತ್ತು. ಕಂಟೋನ್ಮೆಂಟಿನ ಈ ಹೆಂಗಸಿಗೆ ಗೊತ್ತಿಲ್ಲದಿದ್ದರೆ ಅದು ಆಕೆಯ ದಡ್ಡತನ, ನನ್ನ ತಪ್ಪಲ್ಲ ಎಂದುಕೊಂಡೆ. ಅದಕ್ಕೆ ಮೊದಲು ಇದೇ ಊರಿನಲ್ಲಿ ಐದು ಮನೆ ನೋಡಿದ್ದೆ. 'ಮನೆ ಬಾಡಿಗೆಗೆ ಇದೆ' ಎಂಬ ಬೋರ್ಡು ಗೇಟಿಗೆ ನೇತಾಡುತ್ತಿದ್ದರೂ, ನಮ್ಮ ಕೇರಿಯ ಹೆಸರು ಕೇಳಿದ ಮೇಲೆ ಐದೂ ಕಡೆ ಒಂದೇ ಮಾತು: ನಿನ್ನೆ ತಾನೆ ಯಾರೋ ಅಡ್ವಾನ್ಸ್ ಕೊಟ್ಟು ಹೋದರು. ಆ ನಿನ್ನೆ ಬಂದು ಹೋದ ಪುಣ್ಯಾತ್ಮ ಒಬ್ಬನೇ ಐದು ಮನೆ ಹಿಡಿದಿದ್ದನೋ ಏನೋ. ನನ್ನ ಕಸುಬಿನ ಓವನ್ನು ಗೆಳತಿಯೊಬ್ಬಳ ಅಂಗಳದಲ್ಲಿ ಟಾರ್ಪಾಲಿನ ಕೆಳಗೆ ತುಕ್ಕು ಹಿಡಿಯುತ್ತಿತ್ತು. ಆದ್ದರಿಂದ ನಕ್ಕೆ.

ನನ್ನ ಕಸುಬು ಪೈ ಎಂಬ ವಿದೇಶಿ ತಿಂಡಿ ಮಾಡುವುದು. ಹಂಪಿಯ ಕಡೆ, ಹೊಳೆಯಾಚೆಯ ಒಂದು ಗೆಸ್ಟ್ ಹೌಸಿನಲ್ಲಿ ಪಾತ್ರೆ ತೊಳೆಯಲು ಸೇರಿದವಳು, ಪ್ರತಿ ಚಳಿಗಾಲಕ್ಕೆ ಅಲ್ಲಿಗೆ ಬಂದು ಕೂರುತ್ತಿದ್ದ ಒಬ್ಬ ವಿದೇಶಿ ಮುದುಕಿಯಿಂದ ಇದನ್ನು ಕಲಿತೆ. ಮೈದಾಹಿಟ್ಟಿಗೆ ತಣ್ಣನೆಯ ಬೆಣ್ಣೆ ಉಜ್ಜಿ, ಒಂದಿಷ್ಟು ತಣ್ಣೀರು ಚಿಮುಕಿಸಿ ಒಟ್ಟು ಮಾಡಿ, ಲಟ್ಟಿಸಿ, ಅಂಚಿರುವ ತಟ್ಟೆಯಲ್ಲಿ ಹಾಸುವುದು. ಅದರ ಮೇಲೆ ಆಡಿನ ಹಾಲಿನ ಚೀಸನ್ನು ಜೇನುತುಪ್ಪದ ಜೊತೆ ಕಡೆದು ಸುರಿಯುವುದು. ಮೇಲೆ ಕಂದು ಬಣ್ಣ ಬರುವ ತನಕ ಬೇಯಿಸುವುದು. ಇದರಲ್ಲಿ ಮಂತ್ರವಿಲ್ಲ, ತಂತ್ರವಿಲ್ಲ. ಬೆಣ್ಣೆ ಕರಗಬಾರದು, ಹಿಟ್ಟನ್ನು ಚಪಾತಿಯ ಹಿಟ್ಟಿನಂತೆ ನಾದಬಾರದು, ಅಷ್ಟೇ. ಮೊಬೈಲಿನಲ್ಲಿ ನೋಡಿಕೊಂಡು ಮಾಡಿ, ಕಲ್ಲಿನಂಥ ಪೈ ತೆಗೆದು, "ನಮ್ಮ ಓವನ್ ಸರಿ ಇಲ್ಲ ನೋಡ್ರಿ" ಎನ್ನುವ ಹೆಂಗಸರನ್ನು ಈ ಊರಲ್ಲಿ ಎಷ್ಟು ಜನರನ್ನು ಕಂಡಿದ್ದೇನೋ ಲೆಕ್ಕವಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಗೆಸ್ಟ್ ಹೌಸು ಮುಚ್ಚಿದಾಗ ಅದರ ಎರಡು ಟ್ರೇಯ ಓವನ್ನನ್ನು ನಾನೇ ಕೊಂಡು ಬಳ್ಳಾರಿಗೆ ಬಂದೆ. ಇಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ಊರಿನವರೇ ನಗುತ್ತಾರೆ. ಬೆಣ್ಣೆ ಮುಟ್ಟಬೇಕಾದರೆ ಕೋಟೆ ಗುಡ್ಡದ ಮೇಲೆ ಬೆಳಕು ಹರಿಯುವ ಮೊದಲೇ ಮುಟ್ಟಬೇಕು. ಎಂಟು ಗಂಟೆಯ ಮೇಲೆ ಅದು ಬೆಣ್ಣೆಯಲ್ಲ, ಎಣ್ಣೆ.

ಒಡತಿ ನನಗೆ ಕೊಟ್ಟದ್ದು ಹಿತ್ತಲ ಕಡೆಯ ಎರಡು ಕೋಣೆ. ಓವನ್ ಇಡಲು ಸಾಕು, ಆದರೆ ಅಲ್ಲೊಬ್ಬಳು ಪೈ ಮಾಡುತ್ತಾಳೆಂದು ದಾರಿಯಲ್ಲಿ ಹೋಗುವ ನರಪಿಳ್ಳೆಗೂ ಗೊತ್ತಾಗುವಂತಿರಲಿಲ್ಲ. ನನ್ನ ಕಣ್ಣೆಲ್ಲ ಮುಂದಿನ ಕೋಣೆಯ ಮೇಲೆ. ರಸ್ತೆಗೆ ತೆರೆಯುವ ಅಗಲವಾದ ಬಾಗಿಲು, ಎತ್ತರದ ಹಳೆಯ ಚಾವಣಿ, ಒಳಗೆ ಯಾರೂ ಮಲಗದ ಮುರುಕು ಮಂಚಗಳು. ಅದೊಂದು ಸಿಕ್ಕರೆ ಅಂಗಡಿ. ನಲವತ್ತಾರನೆಯ ವಯಸ್ಸಿನಲ್ಲಿ ಮೊದಲ ಸಲ ನನ್ನದು ಎನ್ನುವ ಒಂದು ಬಾಗಿಲು. ಕೇಳಿದಾಗಲೆಲ್ಲ ಒಡತಿ "ನೋಡೋಣಮ್ಮ, ದೀಪಾವಳಿ ಆಗ್ಲಿ" ಎನ್ನುತ್ತಿದ್ದರು. ಒಂದು ದೀಪಾವಳಿ ಆಯಿತು. ಯುಗಾದಿಯೂ ಆಯಿತು. ಮಂಚಗಳು ಅಲ್ಲೇ ಮಲಗಿದ್ದವು.

ಆಕೆಗೆ ಅರವತ್ತೆರಡೋ ಅರವತ್ಮೂರೋ ವಯಸ್ಸು. ಬೆಳಗಾಗೆದ್ದು ಗೇಟಿನ ಮುಂದೆ ನೀರು ಹೊಡೆದು ರಂಗೋಲಿ ಹಾಕಿ, ಆಮೇಲೆ ಇಡೀ ಬೀದಿಯ ತಪ್ಪು ಹುಡುಕುವುದು ಆಕೆಯ ಕೆಲಸ. ಶುಕ್ರವಾರ ಸಂಜೆ ಆಕೆಯ ನಡುಮನೆಯಲ್ಲಿ ಭಜನೆ. ಹತ್ತು ಹನ್ನೆರಡು ಹೆಂಗಸರು ರೇಷ್ಮೆ ಸೀರೆ ಉಟ್ಟು ಬಂದು ಅರ್ಧ ಗಂಟೆ ದೇವರನ್ನು ಹಾಡುತ್ತಿದ್ದರು, ಎರಡು ಗಂಟೆ ಸೊಸೆಯರನ್ನು ಆಡಿಕೊಳ್ಳುತ್ತಿದ್ದರು. ನಾನು 'ಅಮ್ಮಾರೆ' ಎಂದು ಕರೆಯಲಿ ಎಂದು ಒಡತಿಗೆ ಆಸೆಯಿತ್ತು. ನಮ್ಮವ್ವ, ನಮ್ಮಜ್ಜಿ ಊರ ತುಂಬ ಅಮ್ಮಾರೆ ಅಮ್ಮಾರೆ ಎಂದು ಸವೆಸಿದ ನಾಲಿಗೆ ಸಾಕು. ನಾನು ಆಂಟಿ ಎಂದೇ ಕರೆದೆ.

ಹಾಲು ಬರುತ್ತಿದ್ದುದು ಕುರುಗೋಡಿನಿಂದ. ಅಲ್ಲಿ ಗುಡ್ಡದ ಬುಡದಲ್ಲಿ ಆಡು ಸಾಕುವ ಒಬ್ಬ ಹೆಂಗಸು ಇದ್ದಾಳೆ. ನನ್ನದೇ ವಯಸ್ಸು, ಬಾಯಿ ನನಗಿಂತ ಜೋರು. ಅಕ್ಕಪಕ್ಕದ ನಾಲ್ಕು ಮನೆಯ ಹಾಲನ್ನೂ ಕೂಡಿಸಿ, ಮೊದಲ ಬಸ್ಸಿನ ಕಂಡಕ್ಟರನ ಕೈಗೆ ಕ್ಯಾನು ಕೊಟ್ಟು ಕಳಿಸುತ್ತಿದ್ದಳು. ಹೋತ ಜೊತೆಗಿದ್ದರೆ ಆಡಿನ ಹಾಲಿಗೆ ಅದರ ವಾಸನೆ ಹತ್ತುತ್ತದೆ. ಅದನ್ನು ಬೇರೆ ಕಡೆ ಕಟ್ಟು ಎಂದು ಹೇಳಲು ಒಮ್ಮೆ ನಾನೇ ಹೋಗಿದ್ದೆ.

"ಹೋತ ಇಲ್ದ ಆಡು ಈಯ್ತಾವೇನಬೇ? ಅದನ್ನೇನು ಹಾಸ್ಟೆಲ್ಲಿಗೆ ಹಾಕ್ಲಾ?" ಎಂದು ಎಲ್ಲರ ಮುಂದೆ ನನ್ನ ಮರ್ಯಾದೆ ತೆಗೆದಳು. ಆದರೆ ಮರುದಿನದಿಂದ ಹೋತ ಬೇವಿನ ಮರದ ಆಚೆ ಕಟ್ಟಿಸಿಕೊಂಡಿತು, ಹಾಲಿನ ವಾಸನೆ ಹೋಯಿತು. ನಾನು ಕಂಡ ಜನರಲ್ಲಿ ಬೈದು ಕೆಲಸ ಮಾಡಿಕೊಡುವವರೇ ವಾಸಿ. ನಗುತ್ತಾ ನೋಡೋಣ ಎನ್ನುವವರನ್ನು ನಂಬಬಾರದು.

ಆ ಹಾಲನ್ನು ಕುದಿ ಬರುವ ತನಕ ಕಾಯಿಸಿ, ನಿಂಬೆರಸ ಹಿಂಡಿ ಒಡೆಸಿ, ತೆಳು ಪಂಚೆಯಲ್ಲಿ ಕಟ್ಟಿ ಫ್ರಿಜ್ಜಿನೊಳಗೆ ನೇತು ಹಾಕಿದರೆ ಮಾರನೆಯ ದಿನಕ್ಕೆ ಬೆಳ್ಳಗೆ, ತುಸು ಹುಳಿಯಾಗಿ ಚೀಸ್ ಸಿದ್ಧ.

ಜೇನಿನದು ಬೇರೆಯೇ ಕತೆ. ಸಿರುಗುಪ್ಪದ ಕಡೆ ಸೂರ್ಯಕಾಂತಿ ಹೂಬಿಡುವಾಗ ಹೊಲದ ಬದುವಿಗೆ ಪೆಟ್ಟಿಗೆ ಇಟ್ಟು ಜೇನು ಸಾಕುವವರು ಬರುತ್ತಾರೆ. ಊರಲ್ಲಿರುವ ನಮ್ಮ ಸೋದರತ್ತೆ ಅವರ ಹತ್ತಿರ ಹೋಗಿ, ಕಣ್ಣೆದುರೇ ಯಂತ್ರದಲ್ಲಿ ತಿರುಗಿಸಿ ತೆಗೆಸಿದ ಜೇನುತುಪ್ಪವನ್ನು ಕಳಿಸುತ್ತಾಳೆ. ಆ ತುಪ್ಪ ಎಂಟು ದಿನದಲ್ಲಿ ಹರಳುಗಟ್ಟಿ ಗಟ್ಟಿಯಾಗುತ್ತದೆ. ಅದು ಸೂರ್ಯಕಾಂತಿ ಜೇನಿನ ಗುಣ. ಭಜನೆಯ ಹೆಂಗಸರು ನನ್ನ ಬಾಟಲಿ ನೋಡಿ "ಸಕ್ಕರಿ ಕೂತದ ನೋಡ್ರಿ, ಬರೇ ಮೋಸ" ಎಂದು ಮೂಗು ಮುರಿದರು. ರಸ್ತೆ ಬದಿಯಲ್ಲಿ ಬಕೆಟ್ಟಿನೊಳಗೆ ಸತ್ತ ಹುಳ ನಾಲ್ಕು ತೇಲಿಬಿಟ್ಟು ಬೆಲ್ಲದ ಪಾಕ ಮಾರುತ್ತಾರಲ್ಲ, ಅದನ್ನು ಲೀಟರುಗಟ್ಟಲೆ ಕೊಂಡು ಮಕ್ಕಳಿಗೆ ನೆಕ್ಕಿಸುವವರು ಇವರೇ. ಹುಳ ಕಂಡರೆ ಅಸಲಿ, ಹರಳು ಕಂಡರೆ ನಕಲಿ. ಇಂಥವರ ನಾಲಿಗೆಗೆ ನಾನು ಅಡುಗೆ ಮಾಡಬೇಕಾಗಿತ್ತು.

ಹಿತ್ತಲಿಗೆ ಬಂದು ಹದಿನೈದು ದಿನವಾಗಿತ್ತು. ಬೆಳಿಗ್ಗೆ ಓವನ್ನಿನಿಂದ ಪೈ ತೆಗೆಯುತ್ತಿದ್ದಾಗ ಒಡತಿ ಬಾಗಿಲಲ್ಲಿ ನಿಂತಿದ್ದರು. ಮೂಗಿನ ಹೊಳ್ಳೆ ಅಗಲವಾಗಿತ್ತು. ತಿನ್ನುವ ಆಸೆ ಮುಖದ ಮೇಲೇ ಕೂತಿತ್ತು. ಒಂದು ತುಂಡು ಕೊಯ್ದು ತಟ್ಟೆಯಲ್ಲಿಟ್ಟು ಮುಂದೆ ಹಿಡಿದೆ. ಆಕೆ ಒಂದು ಹೆಜ್ಜೆ ಹಿಂದೆ ಸರಿದರು.

"ಹಿಟ್ಟಿಗೆ ನೀರು ಹಾಕಿಯೇನು?"

"ಹೂಂನ್ರಿ, ಸ್ವಲ್ಪ."

"ನೀರು ಬಿದ್ರ ಮುಸುರಿ ಆಗ್ತದಮ್ಮ. ಹೊರಗಿನವರ ಕೈಯಾಂದು ನಾವು ತಿನ್ನಂಗಿಲ್ಲ. ನಾಳಿಯಿಂದ ಹಾಲಾಗ ಕಲಸು. ಹಾಲಾಗ ಕಲಸಿದ್ದಕ್ಕ ದೋಷ ಇಲ್ಲ."

ಇದು ಇವರ ಮನೆಗಳ ಹಳೆಯ ಕಟ್ಟು. ನೀರು ಹಾಕಿ ಬೇಯಿಸಿದ ಅನ್ನ, ರೊಟ್ಟಿ ಎಲ್ಲ ಮುಸುರೆ. ಅದನ್ನು ತಮ್ಮವರು ಮಾಡಿದರೆ ಮಾತ್ರ ತಿನ್ನಬಹುದು. ಹಾಲಿನಲ್ಲೋ ತುಪ್ಪದಲ್ಲೋ ಮಾಡಿದ್ದಾದರೆ ಮಡಿ ಕಣ್ಣು ಮುಚ್ಚಿಕೊಳ್ಳುತ್ತದೆ. ಹಾಲು ಕರೆದ ಕೈ ಯಾರದು, ಆಡು ಕುಡಿದ ನೀರು ಯಾವ ಹಳ್ಳದ್ದು ಎಂದು ಯಾರೂ ಕೇಳುವುದಿಲ್ಲ. ನನಗೆ ನಗು ತಡೆಯಲಾಗಲಿಲ್ಲ. ಆದರೂ ಮುಂದಿನ ಕೋಣೆಯ ಬಾಗಿಲು ಕಣ್ಣ ಮುಂದೆ ಬಂತು. ಆಯ್ತ್ರಿ ಆಂಟಿ ಎಂದೆ.

ಮರುದಿನ ನೀರಿನ ಬದಲು ಮಂಜಿನಂತೆ ತಣ್ಣಗಿದ್ದ ಆಡಿನ ಹಾಲು ಹಾಕಿ ಕಲಸಿದೆ. ಒಪ್ಪಿಕೊಳ್ಳಲು ಮನಸ್ಸಿಲ್ಲ, ಆದರೂ ಹೇಳಿಬಿಡುತ್ತೇನೆ. ಪೈ ಮೊದಲಿಗಿಂತ ಚೆನ್ನಾಗಿ ಬಂತು. ಅಂಚು ಮೆತ್ತಗೆ ಮುರಿಯುತ್ತಿತ್ತು, ಬಣ್ಣ ಹೊಂಬಾಳೆಯಂತೆ ಬಂದಿತ್ತು. ಆ ವಿದೇಶಿ ಮುದುಕಿ ಕಲಿಸದಿದ್ದುದನ್ನು ಈ ಮಡಿ ಹೆಂಗಸು ಗೊತ್ತಿಲ್ಲದೆಯೇ ಕಲಿಸಿದ್ದರು. ಅದು ನನ್ನ ಹೊಟ್ಟೆ ಉರಿಸಿತು. ಕೆಟ್ಟ ಕಾರಣಕ್ಕೆ ಒಳ್ಳೆಯ ಪೈ ಬಂದರೆ ಯಾರನ್ನು ಹೊಗಳುವುದು?

ಒಡತಿ ಎರಡು ತುಂಡು ತಿಂದರು. ಮೂರನೆಯದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಒಯ್ದರು. ಶುಕ್ರವಾರದ ಹೊತ್ತಿಗೆ ಅದಕ್ಕೆ 'ಓವನ್ ಕಡುಬು' ಎಂದು ಹೆಸರಿಟ್ಟು ಭಜನೆಯವರಿಗೆ ಹಂಚಿದ್ದರು. "ನಮ್ಮ ಹಿತ್ತಲಾಗ ಬೌದ್ಧರಾಕಿ ಒಬ್ಬಾಕಿ ಅದಾಳ್ರಿ. ಜೈನರ ಹಂಗ ಭಾಳ ಸ್ವಚ್ಛ" ಎಂದು ಆಕೆ ಹೇಳುವುದು ನನ್ನ ಕಿಟಕಿಗೇ ಕೇಳಿಸುತ್ತಿತ್ತು. ಒಂದರ ಹಿಂದೆ ಒಂದು ಆರ್ಡರ್ ಬಂದವು. ಸೀಮಂತಕ್ಕೆ, ಗೃಹಪ್ರವೇಶಕ್ಕೆ, ಗಣಿಯಲ್ಲಿ ದುಡ್ಡು ಮಾಡಿದ ಮನೆಯ ಹುಟ್ಟುಹಬ್ಬಕ್ಕೆ. ತಿನ್ನುವ ಮೊದಲು ಹತ್ತು ಫೋಟೊ, ತಿಂದ ಮೇಲೆ "ಸ್ವಲ್ಪ ಸಿಹಿ ಕಮ್ಮಿ ಆತು" ಎಂಬ ಒಂದು ಮಾತು. ಪೆಟ್ಟಿಗೆ ಹಿಡಿದು ನಾನು ಹೋದರೆ ನಡುಮನೆಯ ಸೋಫಾ ತನಕ ಕರೆದು ಕೂಡಿಸುತ್ತಿದ್ದರು. ಕೂತು, ಅವರ ಫ್ಯಾನಿನ ಗಾಳಿ ಕುಡಿಯುತ್ತಾ, ಇವರಿಗೇನಾದರೂ ಗೊತ್ತಾದರೆ ಈ ಸೋಫಾವನ್ನು ತೊಳೆಯುತ್ತಾರೋ ಸುಡುತ್ತಾರೋ ಎಂದು ಲೆಕ್ಕ ಹಾಕುತ್ತಿದ್ದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಂತೆ. ಹಾಲಿನಲ್ಲಿ ಕಲಸಿದ್ದು ಎಂಬ ಒಂದು ಮಾತಿಗೆ ಕಣ್ಣು ಮುಚ್ಚಿ ನನ್ನ ಕೈಯಡುಗೆ ನುಂಗುತ್ತಿದ್ದ ಇವರನ್ನು ನೋಡಿ, ನಾನು ಒಳಗೊಳಗೆ ಬೆಕ್ಕುಗಳೇ, ಬೆಕ್ಕುಗಳೇ ಎನ್ನುತ್ತಿದ್ದೆ.

ನನ್ನ ಬಗ್ಗೆಯೂ ಹೇಳಬೇಕು. ನನ್ನ ಎರಡು ಕೋಣೆಗಳಲ್ಲಿ ಹೊರಗಿನದರ ಶೆಲ್ಫಿನ ಮೇಲೆ ಕಣ್ಣು ಮುಚ್ಚಿ ಕೂತ ಬುದ್ಧನ ಬಿಳಿ ಮೂರ್ತಿ ಇಟ್ಟಿದ್ದೆ. ಅದನ್ನು ಈಗ ಬ್ಯೂಟಿ ಪಾರ್ಲರಿನಲ್ಲೂ ಇಡುತ್ತಾರೆ, ಯಾರೂ ಏನೂ ಕೇಳುವುದಿಲ್ಲ. ನಮ್ಮಪ್ಪ ಕೊಟ್ಟ ನೀಲಿ ಕೋಟಿನವರ ಫೋಟೊವನ್ನು ಮಾತ್ರ ಟ್ರಂಕಿನಲ್ಲಿ, ಚಳಿಗಾಲದ ರಗ್ಗಿನ ಕೆಳಗೆ ಇಟ್ಟಿದ್ದೆ. ನಮ್ಮನ್ನು ತಲೆ ಎತ್ತಿ ನಿಲ್ಲಿಸಿದವರನ್ನು ಬೋರಲು ಮಲಗಿಸಿ, ಮೇಲೆ ರಗ್ಗು ಹೊದಿಸಿದ್ದೆ. ಭಜನೆಯವರನ್ನು ಹಳಿಯುವಾಗ ಈ ಟ್ರಂಕನ್ನು ಮರೆತಿರುತ್ತಿದ್ದೆ.

ಹೀಗೆ ಒಂದೂವರೆ ವರ್ಷ ನಡೆಯಿತು. ಆಮೇಲೆ ಒಂದು ಬುಧವಾರ ನಮ್ಮ ಅತ್ತೆ ಬಂದಳು.

ಅತ್ತೆ ಎಂದರೆ ಅಪ್ಪನ ತಂಗಿ. ಎಪ್ಪತ್ತು ದಾಟಿದರೂ ಸಿರಿಗೇರಿಯ ಗದ್ದೆಗಳಲ್ಲಿ ಈಗಲೂ ಸಸಿ ಹಚ್ಚುತ್ತಾಳೆ. ಕಣ್ಣು ತೋರಿಸಲು ಆಸ್ಪತ್ರೆಗೆ ಬಂದವಳು, ಹೇಳದೆ ಕೇಳದೆ ಮನೆ ಹುಡುಕಿಕೊಂಡು ಬಂದಿದ್ದಳು. ಹಿತ್ತಲ ದಾರಿ ಗೊತ್ತಾಗದೆ ಮುಂದಿನ ಗೇಟು ತಟ್ಟಿದಳು. ನಾನು ಓವನ್ ಮುಂದೆ ಇದ್ದೆ. ಮೊದಲು ಕೇಳಿಸಿದ್ದು ಒಡತಿಯ ದನಿ.

"ಯಾರಮ್ಮ? ಯಾರು ಬೇಕಿತ್ತು?"

"ಪೈ ಮಾಡಾಕಿ ಇಲ್ಲೇ ಅದಾಳನ್ರೀ? ನಾ ಆಕಿ ಸೋದರತ್ತಿ ಅದೀನ್ರಿ. ಸಿರಿಗೇರಿ, ಕೆಳಗಿನ ಕೇರಿ."

ಓಡಿ ಹೋಗಿ ಅತ್ತೆಯ ಬಾಯಿ ಮುಚ್ಚಬೇಕು ಎನಿಸಿತು. ಕಿಟಕಿಯ ಹತ್ತಿರ ನಿಂತು ಕೇಳಿದೆ. ಒಡತಿ ಆಕೆಯನ್ನು ಕಟ್ಟೆಯ ಮೇಲೆ ಕೂಡಿಸಿ ಊರು ಕೇರಿ ವಿಚಾರಿಸಿದರು. ಅತ್ತೆಗೆ ಕೇಳುವವರು ಸಿಕ್ಕರೆ ಸಾಕು.

"ನಮ್ಮಣ್ಣ ಊರಾಗ ಡಪ್ಪು ಬಡೀತಿದ್ದನ್ರಿ. ಹೆಣ ಹೋದ್ರೂ ಅವನೇ, ದೇವ್ರು ಬಂದ್ರೂ ಅವನೇ. ದೀಕ್ಷೆ ತಗಂಡ ದಿನ ಡಪ್ಪು ಮುರದು ಒಲಿಗೆ ಹಾಕಿದ. ಅವತ್ತು ಅದರ ಮ್ಯಾಲೇ ನಮ್ಮತ್ತಿಗಿ ಚಾ ಕಾಸಿದ್ಲು. ಅವತ್ತಿಂದ ನಾವು ಬುದ್ಧಪ್ಪನ ಮಂದಿ ನೋಡ್ರಿ."

ಎಷ್ಟು ಹೆಮ್ಮೆಯಿಂದ ಹೇಳಿದಳು! ಒಂದೂವರೆ ವರ್ಷ ನಾನು ರಗ್ಗಿನ ಕೆಳಗೆ ಇಟ್ಟದ್ದನ್ನು ಆಕೆ ಕಂಟೋನ್ಮೆಂಟಿನ ಕಟ್ಟೆಯ ಮೇಲೆ ಬಿಸಿಲಿಗೆ ಹರಡಿ ಕೂತಿದ್ದಳು. ನನಗೆ ನಾಚಿಕೆಯಾಯಿತು. ಅತ್ತೆಯ ಬಗ್ಗೆ ಅಲ್ಲ.

ಹೊರಗೆ ಹೋದೆ. ಅತ್ತೆಯ ಕೈಯಲ್ಲಿ ಪೇಪರ್ ಕಪ್ಪಿನಲ್ಲಿ ಚಹಾ ಇತ್ತು, ಒಡತಿಯ ಕೈಯಲ್ಲಿ ಸ್ಟೀಲಿನ ಲೋಟ. ನನಗೂ ಒಂದೂವರೆ ವರ್ಷದಿಂದ ಪೇಪರ್ ಕಪ್ಪೇ ಬರುತ್ತಿತ್ತು. ಜಿಪುಣಿ, ಪಾತ್ರೆ ತೊಳೆಯುವ ಸೋಪು ಉಳಿಸುತ್ತಾಳೆ ಎಂದು ನಾನು ಗೆಳತಿಯ ಹತ್ತಿರ ಆಡಿಕೊಂಡು ನಗುತ್ತಿದ್ದೆ. ಆ ಕ್ಷಣ ನನ್ನ ಕಣ್ಣಿಗೆ ಕವಿದಿದ್ದ ಪೊರೆ ಕಳಚಿತು. ಒಳಗೆ ಓವನ್ನಿನಲ್ಲಿದ್ದ ಪೈಯ ಅಂಚು ಸೀದು ಹೋಗುವ ವಾಸನೆ ಬಂತು. ನಾನು ಹೋಗಲಿಲ್ಲ.

ಅತ್ತೆಯನ್ನು ಬಸ್ಸು ಹತ್ತಿಸಿ ಬಂದು ನೇರವಾಗಿ ಒಡತಿಯ ಮುಂದೆ ನಿಂತೆ. ಮನೆ ಬಿಡು ಎನ್ನುತ್ತಾರೆ, ಎನ್ನಲಿ ಎಂದು ಗಟ್ಟಿ ಮಾಡಿಕೊಂಡಿದ್ದೆ. ಆಕೆ ನಕ್ಕರು.

"ಮಾರಿ ಯಾಕ ಹಂಗ ಮಾಡಿ? ನಿಮ್ಮತ್ತಿ ಹೇಳೋ ತನಕ ನನಗ ಗೊತ್ತಿರಲಿಲ್ಲ ಅಂತ ತಿಳ್ಕೊಂಡಿಯೇನು? ಕರಾರು ಬರಸುವಾಗ ಆಧಾರ್ ಜೆರಾಕ್ಸ್ ಕೊಟ್ಟಿದ್ದೆಲ್ಲ, ಅದರಾಗ ನಿಮ್ಮ ಕೇರಿ ಹೆಸರು ಇತ್ತು. ನಾನೂ ನಾಕು ಅಕ್ಷರ ಕಲ್ತಾಕಿ ಅದೀನಿ."

ಹೌದು. ನಾನೇ ಕೊಟ್ಟಿದ್ದೆ. ಎರಡು ಪ್ರತಿ, ಸಹಿ ಮಾಡಿ. ಲೋಕವನ್ನೆಲ್ಲ ಬೆಕ್ಕು ಎಂದು ಕರೆದವಳು ನಾನು ಎಂಥ ಬೆಕ್ಕು ಎಂಬುದು ಆ ದಿನ ತಿಳಿಯಿತು.

"ಮತ್ತ ಜೈನರಿದ್ದಂಗ ಅಂತ ಎಲ್ಲಾರ ಮುಂದ ಹೇಳ್ತಿದ್ರಿ?"

"ಮಂದಿಗೆ ಏನರ ಹೇಳಬೇಕಲ್ಲಮ್ಮ. ನಿನಗ ಹಾಲಾಗ ಕಲಸು ಅಂದದ್ದೂ ಅದಕ್ಕ. ಹಾಲಾಗ ಕಲಸಿದ ಮ್ಯಾಲೆ ಯಾರು ಮಾಡಿದ್ರೇನು, ದೋಷ ಇಲ್ಲ. ನನಗೂ ತಿನ್ನಾಕ ಆತು, ನಿನಗೂ ಇರಾಕ ಆತು. ಬ್ಯಾರೆಯವರಾಗಿದ್ರ ನಿನಗ ಮನಿ ಕೊಡ್ತಿದ್ರೇನು?"

ಆಕೆಯ ಮುಖದಲ್ಲಿ ಕಪಟವಿರಲಿಲ್ಲ, ಅದೇ ಕಷ್ಟ. ದೊಡ್ಡ ಉಪಕಾರ ಮಾಡಿದ ತೃಪ್ತಿ ಇತ್ತು. ಐದು ಮನೆಯವರು ಮುಚ್ಚಿದ ಬಾಗಿಲನ್ನು ಈಕೆ ತೆರೆದಿದ್ದರು ಎಂಬುದು ನಿಜ. ನಾನು ಕೈಮುಗಿಯಬೇಕಿತ್ತೋ ಏನೋ. ಮೈ ಉರಿಯಿತು. ಆಕೆ ಇಷ್ಟು ದಿನ ತಿಂದದ್ದು ನನ್ನ ಕೈಯಡುಗೆಯನ್ನಲ್ಲ. ನನ್ನ ಕೈಗೂ ಆಕೆಯ ಬಾಯಿಗೂ ನಡುವೆ ಒಂದು ಲೋಟ ಹಾಲನ್ನು ಬೇಲಿಯಂತೆ ನಿಲ್ಲಿಸಿ, ಬೇಲಿಯ ಆಚೆ ನಿಂತು ತಿಂದಿದ್ದರು. ಆ ಬೇಲಿಯನ್ನು ದಿನಾ ಬೆಳಗಾಗೆದ್ದು ಕಟ್ಟಿದವಳು ನಾನೇ.

ಅಷ್ಟರಲ್ಲಿ ಆಕೆ ಸೊಂಟದ ಗೊಂಚಲಿನಿಂದ ಒಂದು ಕೀಲಿ ಬಿಡಿಸಿ ನನ್ನ ಮುಂದಿನ ಕಟ್ಟೆಯ ಮೇಲೆ ಇಟ್ಟರು. ಕೈಗೆ ಕೊಡಲಿಲ್ಲ.

"ಮುಂದಿನ ಖೋಲಿದು. ನಾಳೆ ಮಂಚ ತೆಗಸ್ತೀನಿ. ಕರಾರು ಬರಸೋಣು. ಬೋರ್ಡಿನ ಮ್ಯಾಲೆ ದೊಡ್ಡದಾಗಿ ಹಾಕಸು, 'ಹಾಲಿನಲ್ಲಿ ಕಲಸಿದ್ದು, ನೀರು ಮುಟ್ಟಿಸಿಲ್ಲ' ಅಂತ. ಆಮ್ಯಾಲೆ ನೋಡು, ಎಂಥೆಂಥವರು ಬಂದು ತಗೊಂಡು ಹೋಗ್ತಾರ."

ಕೀಲಿಯನ್ನು ನೋಡುತ್ತಾ ನಿಂತೆ. ಒಂದೂವರೆ ವರ್ಷ ಬಯಸಿದ ಬಾಗಿಲು ಅದು. ಎಸೆದು ಹೋಗಿದ್ದರೆ ಕತೆ ಚೆನ್ನಾಗಿರುತ್ತಿತ್ತು. ನಾನು ಎತ್ತಿಕೊಂಡೆ. ಹನ್ನೊಂದು ತಿಂಗಳ ಕರಾರಿಗೆ ಸಹಿ ಹಾಕಿದೆ. ಅದರಲ್ಲಿ ಬೋರ್ಡಿನ ಮೇಲೆ ಏನು ಬರೆಯಬೇಕು ಎಂಬ ಮಾತಿರಲಿಲ್ಲ. ಈ ಸಲ ನಾನೂ ಕಾಗದವನ್ನು ಎರಡು ಸಲ ಓದಿದ್ದೆ.

ಬೋರ್ಡು ಬರೆಯುವವನಿಗೆ ನಾನು ಚೀಟಿ ಕೊಟ್ಟೆ: ಆಡಿನ ಹಾಲಿನ ಚೀಸ್, ಜೇನುತುಪ್ಪದ ಸಿಹಿ ಪೈ. ನೀರಿನಲ್ಲಿ ಕಲಸಿದ್ದು.

ಅವನು ಕುಂಚ ಹಿಡಿದು ಯೋಚಿಸಿದ. "ಅಕ್ಕಾ, ನೀರಾಗ ಕಲಸಿದ್ದು ಅಂತ ಯಾರರ ಬರಸ್ತಾರೇನ್ರಿ? ಹಾಲಾಗ, ತುಪ್ಪದಾಗ ಅಂತ ಹಾಕ್ತಾರ. ವ್ಯಾಪಾರಾನೂ ಆಗ್ತೈತಿ."

"ನೀರಾಗ ಅಂತ ಬರಿಯಪ್ಪ. ಅದನ್ನ ಪೈಗಿಂತ ದೊಡ್ಡದಾಗಿ ಬರಿ."

ನನಗೆ ಹುಚ್ಚು ಎಂದುಕೊಂಡ. ಆದರೆ ಚೆನ್ನಾಗಿ ಬರೆದ. ಟ್ರಂಕು ತೆಗೆದು, ನೀಲಿ ಕೋಟಿನ ಫೋಟೊದ ಗಾಜು ಒರೆಸಿ, ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಗೆ ಹಾಕಿದೆ. ಬುದ್ಧನ ಮೂರ್ತಿಯನ್ನು ಅದರ ಕೆಳಗಿಟ್ಟೆ.

ಅಂಗಡಿ ತೆರೆದ ಬೆಳಿಗ್ಗೆ ಒಡತಿ ಕನ್ನಡಕ ಹಾಕಿಕೊಂಡು ಬಂದು ಬೋರ್ಡನ್ನು ಓದಿದರು. ಫೋಟೊ ನೋಡಿದರು. ಮತ್ತೊಮ್ಮೆ ಬೋರ್ಡು ಓದಿದರು. ಒಳಗೆ ಹೋದರು. ಆ ಶುಕ್ರವಾರ ಭಜನೆಗೆ ಬಂದ ಹೆಂಗಸರು ನನ್ನ ಬಾಗಿಲ ಮುಂದೆ ಸೆರಗು ಒಟ್ಟು ಮಾಡಿಕೊಂಡು ನಡೆದರು. ಗೃಹಪ್ರವೇಶದ ಆರ್ಡರೊಂದು ಫೋನಿನಲ್ಲೇ ರದ್ದಾಯಿತು. ಇನ್ನೊಬ್ಬಾಕೆ, ನಾನು ಯಾರ ಸೋಫಾದ ಮೇಲೆ ಕೂತು ಫ್ಯಾನಿನ ಗಾಳಿ ಕುಡಿಯುತ್ತಿದ್ದೆನೋ ಆಕೆ, "ಮೊದಲೇ ಹೇಳಬೇಕಿತ್ತಮ್ಮ" ಎಂದು ನೊಂದುಕೊಂಡರು. ಏನನ್ನು ಎಂದು ಕೇಳಿದೆ. ಫೋನಿಟ್ಟರು.

ಸುಳ್ಳು ಹೇಳುವುದಿಲ್ಲ, ನೀರಿನ ಪೈ ಹಾಲಿನದರಷ್ಟು ಚೆನ್ನಾಗಿ ಬರುವುದಿಲ್ಲ. ಬಣ್ಣ ತುಸು ಪೇಲವ, ಅಂಚು ತುಸು ಗಡುಸು. ಬೆಣ್ಣೆ ಒಂದು ಹಿಡಿ ಹೆಚ್ಚು ಹಾಕಿ, ಇನ್ನೂ ಅರ್ಧ ಗಂಟೆ ಮುಂಚೆ ಎದ್ದು ಅದನ್ನು ಸರಿದೂಗಿಸಿದೆ. ಅಂಗೈಯಷ್ಟು ಚಿಕ್ಕವನ್ನೂ ಮಾಡಿದೆ. ಕೌಲ್‌ಬಜಾರಿನ ಕಡೆಯಿಂದ ಜೀನ್ಸ್ ಹೊಲಿಯುವ ಯುನಿಟ್ಟುಗಳಿಗೆ ಹೋಗುವ ಹೆಣ್ಣುಮಕ್ಕಳು ಬೆಳಿಗ್ಗೆ ಆ ದಾರಿಯಲ್ಲೇ ಹೋಗುತ್ತಾರೆ. ಉಗುರಿನ ಸಂದಿಗೆ ನೀಲಿ ಬಣ್ಣ ಹತ್ತಿದ ಕೈಗಳು. ಅವರು ಬೋರ್ಡು ಓದಿ ಏನೂ ಕೇಳಲಿಲ್ಲ. ಎಷ್ಟು ಎಂದು ಕೇಳಿದರು, ತಿಂದರು, "ಅಕ್ಕಾ, ಇದರಾಗ ಇನ್ನೊಂದೀಟು ಜೇನ ಹಾಕ್ರಿ" ಎಂದರು. ಅವರು ಹೇಳಿದ್ದು ಸರಿ ಇತ್ತು. ಹಾಕಿದೆ.

ಹನ್ನೆರಡನೆಯ ದಿನವೋ ಹದಿಮೂರನೆಯ ದಿನವೋ, ಒಡತಿ ಮತ್ತೆ ಅಂಗಡಿಯ ಮುಂದೆ ಬಂದರು. ಆ ಹೊತ್ತಿಗೆ ಯುನಿಟ್ಟಿನ ಹುಡುಗಿಯರು ನಾಲ್ಕೈದು ಜನ ಸಾಲಿನಲ್ಲಿದ್ದರು. ಆಕೆ ಸಾಲು ನೋಡದೆ ನೇರ ಮುಂದೆ ಬಂದು ನಿಂತರು. ಆಗ ತಾನೆ ತೆಗೆದ ಟ್ರೇ ಎದುರಿಗಿತ್ತು. ಜೇನು ಅಂಚಿನಲ್ಲಿ ಇನ್ನೂ ಗುಳ್ಳೆ ಏಳುತ್ತಿತ್ತು. ಇಷ್ಟು ದಿನ ಆ ವಾಸನೆ ಗೋಡೆ ದಾಟಿ ಆಕೆಯ ದೇವರ ಕೋಣೆಯ ತನಕ ಹೋಗುತ್ತಿದ್ದಿರಬೇಕು. ಮುಖ ಸಣ್ಣದಾಗಿತ್ತು. ಅಂಥ ಮುಖ ನಾನು ನೋಡಿರಲಿಲ್ಲ. ಮೆಲ್ಲಗೆ, ಹಿಂದಿನವರಿಗೆ ಕೇಳಿಸದ ಹಾಗೆ ಕೇಳಿದರು:

"ಇದನ್ನ ನಾ ಹೆಂಗ ತಿನ್ನಲಿ, ನೀನೇ ಹೇಳಮ್ಮ?"

"ಬಾಯಿಲೆ ತಿನ್ರಿ ಆಂಟಿ. ಎಲ್ಲಾರೂ ಹಂಗ ತಿಂತಾರ."

ಒಂದು ತುಂಡು ಕೊಯ್ದು ತಟ್ಟೆಯಲ್ಲಿಟ್ಟು ಆಕೆಯ ಮುಂದೆ ಹಿಡಿದೆ. ಆಕೆಯ ಕೈ ಮುಂದೆ ಬಂತು, ತಟ್ಟೆಯ ಅಂಚಿನ ತನಕ ಬಂತು, ಅಲ್ಲೇ ನಿಂತಿತು. ಹಿಂದಿನ ಹುಡುಗಿ ಗಡಿಯಾರ ನೋಡಿಕೊಂಡಳು. ಹಾಜರಿಗೆ ತಡವಾದರೆ ಅವರಿಗೆ ಅರ್ಧ ದಿನದ ಕೂಲಿ ಹೋಗುತ್ತದೆ. ನಾನು ಎಷ್ಟು ಹೊತ್ತು ತಟ್ಟೆ ಹಿಡಿದು ನಿಲ್ಲಲಿ?

"ಸ್ವಲ್ಪ ಸರಕೊಳ್ರಿ ಆಂಟಿ," ಎಂದೆ. "ಹಿಂದ ಮಂದಿ ಅದಾರ."

ಆಕೆ ಬಾಗಿಲ ಪಕ್ಕಕ್ಕೆ ಸರಿದು ನಿಂತರು.